ಹುಷಾರು ತಪ್ಪೂದು ಬ್ಯಾರೆ, ಎಚ್ಚರ ತಪ್ಪೂದು ಬ್ಯಾರೆ

ಸ್ಟುಟ್‌ಗಾರ್ಟ್, ಜರ್ಮನಿ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದ.

ಧಾರವಾಡ ಬಿಟ್ಟು ಮೈಸೂರಿನ ಆಸ್ಪತ್ರಿಗೆ ನರ್ಸ್ ಕೆಲಸಕ್ಕ ಹೊಂಟೀ ಅಂತ ಅವ್ವ ಹೇಳಿದ್ಲು. ಫೋನ್ ಇಡೂ ಮುಂದ ಅಕಿ 'ಹುಷಾರ್ ಇರು' ಅಂತಾಳಲ್ಲ, ಆ ಮಾತು ಅಲ್ಲಿ ನಿನಗ ದಿನಾ ಕಿವಿಗೆ ಬೀಳತೈತಿ. ಅರ್ಥ ಮಾತ್ರ ಒಂದ ಅಲ್ಲ.

ನಾವು 'ಆರಾಮ ಇಲ್ಲ' ಅನ್ನೂದಕ್ಕ ಅಲ್ಲಿಯವರು 'ಹುಷಾರಿಲ್ಲ' ಅಂತಾರ. 'ಮಗು ಹುಷಾರಾಯ್ತು' ಅಂದ್ರ ಬ್ಯಾನಿ ವಾಸಿ ಆತು. 'ಮಗು ತುಂಬಾ ಹುಷಾರು' ಅಂದ್ರ ನಮ್ಮ 'ಶ್ಯಾಣ್ಯಾ'. 'ಹುಷಾರು, ನೆಲ ಜಾರುತ್ತೆ' ಅಂದ್ರ ನೋಡಿ ಕಾಲಿಡು. ಫಾರ್ಸಿಯೊಳಗ 'ಹೋಶ್' ಅಂದ್ರ ಪ್ರಜ್ಞೆ. ಆ ಬೇರಿನಿಂದ ಬಂದದ್ದಕ್ಕ ಇಷ್ಟೂ ಅರ್ಥ ಒಂದ ಮಾತಿನಾಗ ಕೂತಾವ.

ಕೇಸ್ ಶೀಟ್ ಬರಿಯೂವಾಗ ಇದೊಂದು ಮರೀಬ್ಯಾಡ. 'ನಿನ್ನೆ ಹುಷಾರು ತಪ್ಪಿದ್ರು' ಅಂದ್ರ ಜಡ್ಡಿಗೆ ಬಿದ್ದಿದ್ರು, ಅಷ್ಟ. 'ಎಚ್ಚರ ತಪ್ಪಿದ್ರು' ಅಂದ್ರ ಪ್ರಜ್ಞೆನ ಹೋಗಿತ್ತು. ಗಾಬರಿಯೊಳಗ ಮನಿಮಂದಿ ಒಂದಕ್ಕೊಂದು ಕೂಡಿಸಿ ಹೇಳ್ತಾರ. ಅದಕ್ಕ ಬಿಡಿಸಿ ಕೇಳು: ಕರೆದ್ರ ಓಗೊಟ್ರಾ? ಎಷ್ಟು ನಿಮಿಷ ಹಂಗ ಇದ್ರು? ಕೈಕಾಲು ಸೆಟೆದ್ವಾ? ಬೀಳೂವಾಗ ತಲೆಗೆ ಪೆಟ್ಟು ಬಿತ್ತಾ? ಅವರ ಮಾತನ್ನ ಅವರು ಆಡಿಧಂಗ ಬರಿ, ನಿನ್ನ ಅರ್ಥ ಕೆಳಗ ಬರಿ.

'ಎಚ್ಚರಿಕೆ' ಒಬ್ಬರು ಇನ್ನೊಬ್ಬರಿಗೆ ಕೊಡೂದು. 'ಎಚ್ಚರ' ಅವರವರ ಮೈಮ್ಯಾಲ ಇರೂದು. 'ಮುಂಜಾಗ್ರತೆ' ಅಂದ್ರ ವಯಸ್ಸಾದವರು ಬೀಳೂಕಿಂತ ಮೊದಲ ಮಂಚದ ಪಕ್ಕದ ಕಂಬಿ ಎತ್ತೂದು. ಬಿದ್ದ ಮ್ಯಾಲ ಎತ್ತಿದ್ರ ಆ ಮಾತು ಒಪ್ಪಂಗಿಲ್ಲ.

ಇಲ್ಲಿ ನೆಲ ಒರೆಸಿದಲ್ಲಿ 'ಫೋರ್‌ಜಿಖ್ಟ್' ಅಂತ ಬೋರ್ಡ್ ಇಡ್ತಾರ. ಬಿಡಿಸಿದ್ರ ಮುಂದ ನೋಡೂದು ಅಂತ. ಇವರದು ಕಣ್ಣಿನ ಮಾತು, ನಮ್ಮದು ನಿದ್ದಿಗೆಟ್ಟು ಕೂತವರ ಮಾತು. ಎಚ್ಚರ ಕನ್ನಡದ್ದು, ಜಾಗ್ರತೆ ಸಂಸ್ಕೃತದ್ದು, ಹುಷಾರು ಫಾರ್ಸಿದು; ಮೂರರ ಹೊಟ್ಟ್ಯಾಗೂ ಎದ್ದಿರೂದು, ಮೈಮ್ಯಾಲ ಅರಿವಿರೂದು ಐತಿ. ರಾತ್ರಿ ಪಾಳಿ ಮಾಡೂ ನಿನಗ ಇದನ್ನ ಬಿಡಿಸಿ ಹೇಳೂದ ಬ್ಯಾಡ.

ಇನ್ನ ನಮ್ಮ 'ಜ್ವಾಕಿ' ಐತಿ. ಅದಕ್ಕ ಅಲ್ಲಿ 'ಜೋಪಾನ' ಅಂತಾರ. ಆಪರೇಷನ್‌ಗೆ ಒಳಗ ಒಯ್ಯೂ ಮುಂದ ತಾಳಿ, ಬಳಿ ಬಿಚ್ಚಿ 'ಜೋಪಾನವಾಗಿ ಇಟ್ಕೊಳ್ಳಿ' ಅಂತ ನಿನ್ನ ಕೈಯಾಗ ಕೊಟ್ರ, ಅದು ಬರೇ ಉಪಚಾರದ ಮಾತಲ್ಲ, ಹೊಣಿ ಹೊರಿಸಿಧಂಗ. ಮನಿಯವರ ಎದುರ ಎಣಿಸು. 'ಬಂಗಾರ' ಅಂತ ಬರೀಬ್ಯಾಡ, 'ಹಳದಿ ಬಣ್ಣದ ಬಳೆ ಎರಡು' ಅಂತ ಬರಿ. ಅವರ ಕೈಗೇ ತಿರುಗಿ ಕೊಟ್ಟು ಸಹಿ ತಗೋ.

ನಿನ್ನ ಅಕ್ಕ