ಮುಂಗಾರು ಹಿಡಿಯುವ ಮೊದಲು ಗ್ರಂಥಾಲಯಕ್ಕೊಂದು ಸೂರು ಬೇಕು

ಹಳೆಯ ವಿದ್ಯಾರ್ಥಿಗಳಿಗೂ ಊರಿನ ಬಂಧುಗಳಿಗೂ ನಮಸ್ಕಾರ.

ಹೋದ ಹಿಂಗಾರಿನಲ್ಲಿ ನಮ್ಮ ಶಾಲೆಯ ಗ್ರಂಥಾಲಯದ ಚಾವಣಿ ಸೋರಿ ಎರಡು ಬೀರು ಪುಸ್ತಕ ನೆನೆದವು. ಕನ್ನಡ ವಿಶ್ವಕೋಶದ 14 ಸಂಪುಟಗಳಲ್ಲಿ ಐದು, ಹಾಳೆಗಳೆಲ್ಲ ಅಂಟಿಕೊಂಡು ಇಟ್ಟಿಗೆಯಂತಾಗಿವೆ. ಉಳಿದವನ್ನು ಮೇಷ್ಟ್ರುಗಳು ಬಿಸಿಲಿಗೆ ಹರವಿ, ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದ್ದಾರೆ. ಈಗ ಅವು ಆಫೀಸಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿವೆ.

ಈ ಶಾಲೆ ಹೇಗೆ ಎದ್ದಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಕಲ್ಲು ಹೊತ್ತವರು ನಿಮ್ಮ ತಾತಂದಿರೇ ಅಲ್ವಾ? ಬರಗಾಲದಲ್ಲೂ ಬಾಗಿಲು ಹಾಕಿದ್ದಿಲ್ಲ. ಆದರೆ ನಮಗೆ ಇವತ್ತು ಎಲ್ಲಕ್ಕಿಂತ ಜಾಸ್ತಿ ಹೆಮ್ಮೆ ನಾಲ್ಕು, ಐದನೇ ತರಗತಿ ಮಕ್ಕಳ ಶನಿವಾರದ ಪೀರಿಯಡ್ಡಿನ ಬಗ್ಗೆ. ಮನೆಯಲ್ಲೋ ಮೊಬೈಲಿನಲ್ಲೋ ಕೇಳಿದ ಒಂದು ಮಾತನ್ನು ಮಗು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತದೆ. ಅದು ನಿಜವೇ ಅಂತ ಪುಸ್ತಕ ತೆಗೆದು ಹುಡುಕುತ್ತದೆ. ಎರಡು ಪುಸ್ತಕ ನೋಡಲೇಬೇಕು. ಪುಟ, ಅಚ್ಚಾದ ವರ್ಷ ಬರೆಯಲೇಬೇಕು.

ಎಂಜಿನಿಯರುಗಳ ದಿನದಂದು ಒಂದು ಮೆಸೇಜು ಓಡಾಡಿತ್ತು: ಶಿವನಸಮುದ್ರದ ವಿದ್ಯುತ್ ಕೇಂದ್ರ ಕಟ್ಟಿಸಿದವರು ಸರ್ ಎಂ. ವಿಶ್ವೇಶ್ವರಯ್ಯ ಅಂತ. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ, ಎಲ್ಲರೂ ಖುಷಿಯಿಂದ ಹಂಚಿದ್ದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ವರ್ಷಗಳನ್ನು ಪಕ್ಕಪಕ್ಕ ಬರೆದಳು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದದ್ದು 1902ರಲ್ಲಿ. ಸರ್ ಎಂ.ವಿ. ಮೈಸೂರಿನಲ್ಲಿ ಚೀಫ್ ಎಂಜಿನಿಯರ್ ಆದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಆ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು. ಅವಳು ಅದನ್ನು ಬೆರಳಿಟ್ಟು ತೋರಿಸಿದಾಗ ನಾವು ಟ್ರಸ್ಟಿಗಳೂ ಅಲ್ಲೇ ಕೂತಿದ್ದೆವು.

ಇನ್ನೊಬ್ಬ ಹುಡುಗನಿಗೆ ಸಿಕ್ಕ ಪುಸ್ತಕದಲ್ಲಿ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯ ತಾಲ್ಲೂಕು ಅಂತಿತ್ತು. "ಪುಸ್ತಕ ಸುಳ್ಳು ಹೇಳ್ತಿದೆ ಸಾರ್" ಅಂದ. "ಯಾವ ವರ್ಷದ್ದು ನೋಡಪ್ಪ" ಅಂದರು ಮೇಷ್ಟ್ರು. ನಮ್ಮ ಜಿಲ್ಲೆ ಬೇರೆಯಾದದ್ದು 2007ರಲ್ಲಿ, ಪುಸ್ತಕ ಅದಕ್ಕಿಂತ ಹಳೆಯದು. ಹಾಗಾಗಿ ಹಳೆಯ ಪುಸ್ತಕವೂ ಬೇಕು, ಹೊಸದೂ ಬೇಕು.

ಇವರೆಲ್ಲ ಹೂವಿನ ತೋಟಕ್ಕೆ, ರೇಷ್ಮೆ ಹುಳು ಸಾಕುವ ಮನೆಗೆ ಕೂಲಿಗೆ ಹೋಗುವವರ ಮಕ್ಕಳು. ಬೆಳಕು ಹರಿಯುವ ಮೊದಲೇ ತಾಯಂದಿರು ಹೂ ಬಿಡಿಸಲು ಹೊರಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟರೆ ಇನ್ನೊಂದು ಪುಸ್ತಕವಿಲ್ಲ. ಮೊಬೈಲು ಮಾತ್ರ ಇದೆ.

ಚಾವಣಿಗೆ ಸುಮಾರು ಎರಡು ಲಕ್ಷ, ಪುಸ್ತಕ ಮತ್ತು ಕಬ್ಬಿಣದ ಬೀರುಗಳಿಗೆ ಒಂದು ಲಕ್ಷದ ಹತ್ತಿರ ಬೇಕು. ಒಂದು ಪಾಲನ್ನು ಟ್ರಸ್ಟಿಗಳೇ ಹಾಕುತ್ತಿದ್ದೇವೆ. ಮೇಸ್ತ್ರಿ ಮೇ 15ರೊಳಗೆ ಮುಂಗಡ ಕೇಳಿದ್ದಾರೆ. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಮನೆಯಲ್ಲಿ ಸುಮ್ನೆ ಕೂತಿರುವ ನಿಘಂಟು, ಅಟ್ಲಾಸ್, ವಿಶ್ವಕೋಶದ ಸಂಪುಟ ಇದ್ದರೆ ಅದನ್ನೂ ತನ್ನಿ. ಗೈಡುಗಳು ಬೇಡ. ಭಾನುವಾರವೂ ಮಧ್ಯಾಹ್ನದವರೆಗೆ ಶಾಲೆಯ ಕಚೇರಿ ತೆರೆದಿರುತ್ತದೆ.

ಇಂತಿ,
ಶಾಲಾ ಟ್ರಸ್ಟಿನ ಸದಸ್ಯರು
ಚಿಕ್ಕಬಳ್ಳಾಪುರ ಜಿಲ್ಲೆ