ಚಿಕ್ಕಬೆಟ್ಟವನ್ನೂ ಹತ್ತಿ ನೋಡಿ

ಮಾನ್ಯರೇ,

ಶ್ರವಣಬೆಳಗೊಳಕ್ಕೆ ಬರುವವರಲ್ಲಿ ಹೆಚ್ಚಿನವರು ವಿಂಧ್ಯಗಿರಿಯ 58 ಅಡಿ ಎತ್ತರದ ಗೊಮ್ಮಟನನ್ನು ಕಂಡು, ಎದುರಿನ ಚಂದ್ರಗಿರಿಯತ್ತ ತಿರುಗಿಯೂ ನೋಡದೆ ಬಸ್ಸು ಹತ್ತುತ್ತಾರೆ. ಗೊಮ್ಮಟ ಮೂಡುವುದಕ್ಕೆ ಶತಮಾನಗಳ ಮೊದಲೇ ಪುಣ್ಯಭೂಮಿಯಾಗಿದ್ದದ್ದು, ಶಾಸನಗಳು ಕಟವಪ್ರ, ಕಳ್ಬಪ್ಪು ಎಂದು ಕರೆಯುವ ಈ ಚಿಕ್ಕಬೆಟ್ಟವೇ. ಭದ್ರಬಾಹು ಮುನಿಗಳೂ ಅವರ ಶಿಷ್ಯನಾಗಿ ಬಂದ ಚಂದ್ರಗುಪ್ತ ಮೌರ್ಯನೂ ಇಲ್ಲಿ ಸಲ್ಲೇಖನ ವ್ರತದಿಂದ, ಅಂದರೆ ಆಹಾರವನ್ನು ಕ್ರಮೇಣ ತ್ಯಜಿಸಿ, ದೇಹ ತೊರೆದರೆಂಬುದು ಜೈನ ಪರಂಪರೆಯ ನಂಬಿಕೆ. ಇತಿಹಾಸಕಾರರು ಅದನ್ನು ಹೇಗೆ ಬೇಕಾದರೂ ಅಳೆಯಲಿ, ಸುಮಾರು ಕ್ರಿ.ಶ. 600ರಿಂದ ಈಚೆಗೆ ಬಂಡೆಯಲ್ಲಿ ಕೊರೆದ ಅಕ್ಷರಗಳಂತೂ ಕಣ್ಣೆದುರಿಗಿವೆ. ಈ ವ್ರತ ಹಿಡಿದು ಮುಡಿಪಿದ (ಮರಣ ಹೊಂದಿದ) ಮುನಿಗಳ, ಕಂತಿಯರ (ಜೈನ ಸನ್ಯಾಸಿನಿಯರ) ಹೆಸರುಗಳು ಅಲ್ಲಿ ಒಂದೆರಡು ಸಾಲಿನಲ್ಲೇ ನಿಂತಿವೆ. ಸಂಜೆಯ ಓರೆಬಿಸಿಲು ಬಿದ್ದಾಗ, ಹಗಲೆಲ್ಲ ಬರಿಯ ಗೀರಿನಂತಿದ್ದ ಗೆರೆಗಳು ಅಕ್ಷರಗಳಾಗಿ ಎದ್ದು ಕಾಣುತ್ತವೆ. ಮುಖ್ಯ ಶಾಸನಗಳ ಪಕ್ಕದಲ್ಲಿ ಅವುಗಳ ತಾತ್ಪರ್ಯವನ್ನು ಹೊಸಗನ್ನಡದಲ್ಲಿ ವಿವರವಾಗಿ ಬರೆದ ಫಲಕಗಳನ್ನು ಸಂಬಂಧಪಟ್ಟವರು ನಿಲ್ಲಿಸಬೇಕೆಂದು ಕೋರುತ್ತೇನೆ.

– ಓದುಗ, ಹಾಸನ