ಮೇಣದ ಬಣ್ಣ ಗುಂಡಿನ ಬಲವನ್ನು ಹೇಳುವುದಿಲ್ಲ

ಮಾನ್ಯ ಸಂಪಾದಕರಿಗೆ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಹವ್ಯಾಸಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಪೆನ್ಸಿಲ್ವೇನಿಯಾದಲ್ಲಿ ಕುಳಿತು ಓದಿದೆ. ಗುರಿ ಹೊಡೆಯುವ ಹವ್ಯಾಸಕ್ಕಾಗಿ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದು, ಅವುಗಳಿಗೆ ಮೇಣದ ಜಿಡ್ಡನ್ನೂ ತಾವೇ ಕಾಸಿಕೊಳ್ಳುವವರ ವಿಷಯ ಅದರಲ್ಲಿತ್ತು. ಹದಿನೆಂಟು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನನಗೆ ಅದನ್ನು ಕಂಡು ಸಂತೋಷವೇ ಆಯಿತು. ಆದರೆ ಅಲ್ಲಿಯ ಎರಡು ಮಾತುಗಳನ್ನು ಓದಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಕೆಂಪು ಜಿಡ್ಡು ವೇಗದ ಗುಂಡಿಗೆ, ನೀಲಿ ಜಿಡ್ಡು ನಿಧಾನದ ಗುಂಡಿಗೆ ಎಂಬುದು ಮೊದಲನೆಯದು. ಬಣ್ಣ ಬೇಕಾದವರು ಅಡುಗೆಮನೆಯಲ್ಲಿರುವ ಬಣ್ಣವನ್ನೇ ಬೆರೆಸಿಕೊಳ್ಳಬಹುದು ಎಂಬುದು ಎರಡನೆಯದು. ಮೊದಲನೆಯದು ನಿಜವಲ್ಲ, ಎರಡನೆಯದನ್ನು ನಂಬಿದವರ ಕೈಗೆ ಸುಟ್ಟ ಬೊಬ್ಬೆಗಳು ಬಂದಾವು.

ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಎರಕದ ಗುಂಡಿಗೆ ಕಾರ್ಖಾನೆಯ ಗುಂಡಿಗಿರುವಂತೆ ತಾಮ್ರದ ಹೊದಿಕೆ ಇರುವುದಿಲ್ಲ. ಸೀಸಕ್ಕೆ ತವರವನ್ನೂ ಆಂಟಿಮನಿಯನ್ನೂ ಸೇರಿಸಿ ಎಷ್ಟೇ ಗಟ್ಟಿ ಮಾಡಿದರೂ, ಬಿಸಿ ಹೊಗೆಯ ಒತ್ತಡದಲ್ಲಿ ನಳಿಗೆಯ ಸುರುಳಿ ಗೆರೆಗಳನ್ನು ಉಜ್ಜಿಕೊಂಡು ಹೋಗುವಾಗ ಅದು ಉಕ್ಕಿಗೆ ಬಳಿದಂತೆ ಅಂಟಿಕೊಳ್ಳುತ್ತದೆ. ಹಾಗೆ ಒಮ್ಮೆ ಅಂಟಿತೆಂದರೆ ಗುಂಡು ಗುರಿಯತ್ತ ನೆಟ್ಟಗೆ ಹೋಗುವುದಿಲ್ಲ, ಉದ್ದನೆಯ ಕಂಬಿಗೆ ಹಿತ್ತಾಳೆಯ ಬ್ರಷ್ಷು ಸಿಕ್ಕಿಸಿ ಗಂಟೆಗಟ್ಟಲೆ ತಿಕ್ಕಬೇಕಾಗುತ್ತದೆ. ಇದನ್ನು ತಪ್ಪಿಸಲೆಂದೇ ಗುಂಡಿನ ಸುತ್ತ ತೋಡಿನಂತಹ ಒಂದೆರಡು ಗೆರೆಗಳಿದ್ದು, ಅವುಗಳಲ್ಲಿ ಮೇಣದ ಜಿಡ್ಡನ್ನು ತುಂಬುತ್ತಾರೆ. ಇಲ್ಲಿಯವರು ಇದನ್ನು ಲ್ಯೂಬ್ ಎನ್ನುತ್ತಾರೆ. ಜೇನುಮೇಣ ಅರ್ಧ, ಆಲಾಕ್ಸ್ ಎಂಬ ಕಂದು ಬಣ್ಣದ ರಾಸಾಯನಿಕ ಜಿಡ್ಡು ಅರ್ಧ ಸೇರಿದ ಮಿಶ್ರಣ ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘದ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಬೇರೆ ಬೇರೆ ಹದದಲ್ಲಿ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್, ತಾಳೆ ಜಾತಿಯ ಮರದ ಎಲೆಯಿಂದ ಬರುವ ಗಟ್ಟಿ ಕಾರ್ನೌಬಾ ಮೇಣ, ವ್ಯಾಸಲೀನು, ನಮ್ಮ ಹರಳೆಣ್ಣೆ ಇವನ್ನು ಬೆರೆಸುವವರೂ ಇದ್ದಾರೆ. ತಲೆಗೆ ತಂಪೆಂದು ಅಜ್ಜಿ ಶನಿವಾರದ ಅಭ್ಯಂಜನಕ್ಕೆ ತಟ್ಟುತ್ತಿದ್ದ ಅದೇ ಎಣ್ಣೆ ಇಲ್ಲಿ ಉಕ್ಕಿನ ನಳಿಗೆಯನ್ನು ಕಾಯುವುದನ್ನು ನೋಡಿದಾಗ ನನಗೆ ಪ್ರತಿ ಸಲವೂ ಊರು ನೆನಪಾಗುತ್ತದೆ.

ಈ ಎಲ್ಲ ಕೆಲಸವನ್ನೂ ಮಾಡುವುದು ಮೇಣ ಮತ್ತು ಎಣ್ಣೆಗಳ ಹದ. ಯಾವ ಮೇಣ ಎಷ್ಟು ಬಿಸಿಗೆ ಕರಗುತ್ತದೆ, ಚಳಿಯಲ್ಲಿ ಎಷ್ಟು ಸೆಡೆಯುತ್ತದೆ, ಒತ್ತಡದಲ್ಲಿ ಹೇಗೆ ಹರಿಯುತ್ತದೆ ಎಂಬುದರ ಮೇಲೆ ಗುಂಡಿನ ನಡತೆ ನಿಂತಿದೆ. ಅಂಗಡಿಯಲ್ಲಿ ಸಿಗುವ ಜಿಡ್ಡಿನ ಕಡ್ಡಿಗಳು ಕೆಂಪು, ನೀಲಿ, ಹಸಿರು, ಕಿತ್ತಳೆ ಬಣ್ಣಗಳಲ್ಲಿ ಬರುವುದು ನಿಜ. ಆದರೆ ಆ ಬಣ್ಣಗಳು ತಯಾರಕರು ತಂತಮ್ಮ ಸರಕಿಗೆ ಹಾಕಿಕೊಂಡ ಗುರುತುಗಳು. ಒಬ್ಬರ ಕೆಂಪು ಗಟ್ಟಿ ಮೇಣವಾಗಿದ್ದರೆ ಇನ್ನೊಬ್ಬರ ಕೆಂಪು ಮೆತ್ತಗಿರಬಹುದು. ಇಂತಹ ಬಣ್ಣಕ್ಕೆ ಇಂತಹ ವೇಗ ಎಂಬ ನಿಯಮವನ್ನು ಯಾರೂ ಮಾಡಿಲ್ಲ.

ಹಾಗಾದರೆ ಬಣ್ಣ ಹಾಕುವುದೇ ವ್ಯರ್ಥವೇ ಎಂದು ಕೇಳಿದರೆ, ಖಂಡಿತ ಅಲ್ಲ ಎನ್ನುತ್ತೇನೆ. ನಾನು ಬಣ್ಣ ಹಾಕಲು ಆರಂಭಿಸಿದ್ದು ಒಂದು ನಷ್ಟ ಅನುಭವಿಸಿದ ಮೇಲೆ. ಬೇಸಿಗೆಗೆಂದು ಕಾರ್ನೌಬಾ ಹೆಚ್ಚು ಹಾಕಿ ಗಟ್ಟಿಯಾಗಿ ಕಾಸಿದ ಒಂದು ಡಬ್ಬ, ಚಳಿಗಾಲಕ್ಕೆಂದು ಎಣ್ಣೆ ಹೆಚ್ಚಿಸಿ ಮೆತ್ತಗೆ ಮಾಡಿದ ಇನ್ನೊಂದು ಡಬ್ಬ ಗ್ಯಾರೇಜಿನ ಒಂದೇ ಹಲಗೆಯ ಮೇಲಿದ್ದವು. ಎರಡರ ಬಣ್ಣವೂ ಜೋನಿ ಬೆಲ್ಲದ ಕಂದು. ನೀರು ಹೆಪ್ಪುಗಟ್ಟುವ ಜನವರಿಯ ಒಂದು ಬೆಳಿಗ್ಗೆ ತಪ್ಪು ಡಬ್ಬವನ್ನು ಎತ್ತಿಕೊಂಡು ಇನ್ನೂರು ಗುಂಡುಗಳಿಗೆ ಗಟ್ಟಿ ಮೇಣವನ್ನೇ ತುಂಬಿದೆ. ಮೈದಾನದಲ್ಲಿ ಇಪ್ಪತ್ತನೆಯ ಗುಂಡಿನ ಹೊತ್ತಿಗೆ ಗುರಿಹಲಗೆಯ ಮೇಲಿನ ತೂತುಗಳು ಅಂಗೈಯಗಲಕ್ಕೆ ಚೆದುರಿದ್ದವು. ಮನೆಗೆ ಬಂದು ನಳಿಗೆಯಲ್ಲಿ ದೀಪ ಬಿಟ್ಟು ನೋಡಿದರೆ ಮೂತಿಯ ಕಡೆಯ ಮೂರು ಅಂಗುಲಗಳಲ್ಲಿ ಬೂದು ಸೀಸ ಸಿಪ್ಪೆಯಂತೆ ಕೂತಿತ್ತು. ಆ ಚಳಿಯಲ್ಲಿ ಗಟ್ಟಿ ಮೇಣ ಸರಿಯಾಗಿ ಹರಿಯದೆ, ಮೂತಿ ಮುಟ್ಟುವ ಹೊತ್ತಿಗೆ ಗುಂಡು ಬರಿಮೈಯಾಗಿತ್ತು. ಅಂದಿನಿಂದ ನನ್ನ ಬೇಸಿಗೆಯ ಮೇಣ ಕೆಂಪು, ಚಳಿಗಾಲದ್ದು ನೀಲಿ. ಇದು ನನ್ನ ಮನೆಯ ಸಂಕೇತವೇ ಹೊರತು ಲೋಕದ ನಿಯಮವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಬಣ್ಣದಿಂದ ಇನ್ನೊಂದು ಉಪಕಾರವಿದೆ, ಅದು ಬಳಸಿದ ಮೇಲೆಯೇ ನನಗೆ ತಿಳಿಯಿತು. ಮಾಸಲು ಕಂದು ಮೇಣ ಬೂದು ಸೀಸದ ಮೇಲೆ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಅದೇ ಕೆಂಪಾಗಿದ್ದರೆ, ಗುಂಡನ್ನು ಬೆರಳ ತುದಿಯಲ್ಲಿ ಒಂದು ಸುತ್ತು ತಿರುಗಿಸಿದ ಮಾತ್ರಕ್ಕೆ ತೋಡು ಪೂರ್ತಿ ತುಂಬಿದೆಯೋ, ಒಂದು ಮಗ್ಗುಲಲ್ಲಿ ಗಾಳಿಗುಳ್ಳೆ ಉಳಿದಿದೆಯೋ ಎಂಬುದು ತಿಳಿಯುತ್ತದೆ. ಗುಂಡಿನ ತಳಕ್ಕೆ ಮೇಣ ಮೆತ್ತಿದ್ದರೂ ಕೂಡಲೇ ಕಾಣುತ್ತದೆ. ತಳದಲ್ಲಿ ಉಳಿದ ಜಿಡ್ಡು ತೋಟಾದೊಳಗಿನ ಮದ್ದಿಗೆ ತಾಗಿ ಅದನ್ನು ಕೆಡಿಸಬಲ್ಲದಾದ್ದರಿಂದ ಅದನ್ನು ಒರೆಸಿ ತೆಗೆಯುವುದು ಅಗತ್ಯ, ಒರೆಸಬೇಕಾದರೆ ಮೊದಲು ಅದು ಕಾಣಬೇಕು. ಎಪ್ಪತ್ತರ ಹತ್ತಿರದ ನನ್ನ ಕಣ್ಣುಗಳಿಗೆ ಇದೊಂದೇ ಕಾರಣ ಸಾಕು.

ಇನ್ನು ಅಡುಗೆಮನೆಯ ಬಣ್ಣದ ಮಾತು. ಕೇಕು, ಜಿಲೇಬಿಗಳಿಗೆ ಹಾಕುವ ದ್ರವರೂಪದ ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವುದು ನೀರು ಮತ್ತು ನೀರಿನಲ್ಲಿ ಕರಗುವ ಬಣ್ಣ. ಮೇಣಕ್ಕೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೊದಲ ವರ್ಷ ನಾನೂ ಈ ತಪ್ಪು ಮಾಡಿದ್ದೆ. ಕರಗಿದ ಮೇಣಕ್ಕೆ ನಾಲ್ಕು ಹನಿ ಕೆಂಪು ಬಣ್ಣ ಬಿಟ್ಟೆ; ಹನಿಗಳು ಕರಗದೆ, ಕುಂಕುಮದ ಮಣಿಗಳ ಹಾಗೆ ಉರುಳುತ್ತಾ ಪಾತ್ರೆಯ ತಳ ಸೇರಿದವು. ಬೆರೆಯಲಿಲ್ಲವೆಂದು ಉರಿ ಹೆಚ್ಚಿಸಿದಾಗ ತಳದ ನೀರು ಹಬೆಯಾಗಿ ಚಿಮ್ಮಿ ಬಿಸಿ ಮೇಣ ಮುಂಗೈಗೆ ಹಾರಿತು. ಒಗ್ಗರಣೆಯ ಸಾಸಿವೆ ಸಿಡಿದರೆ ಕೈ ಕೊಡವಿಕೊಳ್ಳಬಹುದು, ಮೇಣ ಅಂಟಿಕೊಂಡೇ ಸುಡುತ್ತದೆ. ಆ ಕಲೆ ಇಂದಿಗೂ ಇದೆ. ಲೇಖನದ ಆ ಸಲಹೆಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಕುಂಕುಮ, ಅರಿಸಿನಗಳನ್ನು ಹಾಕಿ ನೋಡಿದ ಸ್ನೇಹಿತರೂ ಇದ್ದಾರೆ. ಅರಿಸಿನದ ಹಳದಿ ಎಣ್ಣೆಗೆ ಇಳಿಯುತ್ತದೆಯಾದರೂ ಬೆಳಕಿಗೆ ಇಟ್ಟರೆ ಬೇಗ ಮಾಸುತ್ತದೆ, ಅದರ ಪುಡಿಯಂತೂ ಗಸಿಯಾಗಿ ಉಳಿದುಬಿಡುತ್ತದೆ. ಕುಂಕುಮದ್ದು ಬೇರೆಯೇ ತೊಂದರೆ. ಅಂಗಡಿಯ ಕೆಂಪು ಪುಡಿಗಳಲ್ಲಿ ಏನಿದೆಯೆಂದು ಹೊರಗಿನಿಂದ ತಿಳಿಯದು. ಸಿಂಧೂರದಲ್ಲಿ ಸೀಸವಿರುವ ಬಗ್ಗೆ ಇಲ್ಲಿಯ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಕೆ ಕೊಟ್ಟಿದೆ.

ಇಲ್ಲಿಯವರು ಹೆಚ್ಚಾಗಿ ಬಳಸುವುದು ಮಕ್ಕಳ ಕ್ರೇಯಾನ್ ಕಡ್ಡಿ. ಅದು ಪ್ಯಾರಾಫಿನ್ ಮೇಣದಿಂದಲೇ ಆದದ್ದರಿಂದ ಸುಲಭವಾಗಿ ಕರಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಆದರೆ ಅದರ ಬಣ್ಣ ನುಣ್ಣನೆಯ ಪುಡಿಯ ರೂಪದಲ್ಲಿರುತ್ತದೆಯೇ ಹೊರತು ಕರಗಿದ ದ್ರಾವಣವಲ್ಲ. ಮಿಶ್ರಣವನ್ನು ಕಲಕದೆ ಬಿಟ್ಟರೆ ಪುಡಿ ತಳ ಸೇರುತ್ತದೆ, ಮೇಲಿನ ಮೇಣ ತಿಳಿಯಾಗಿಯೂ ಕೆಳಗಿನದು ಗಾಢವಾಗಿಯೂ ಹೆಪ್ಪುಗಟ್ಟುತ್ತದೆ. ಇಂತಹ ಪುಡಿಗಳಲ್ಲಿ ಖನಿಜದವೂ ಇರುವುದರಿಂದ, ಉಕ್ಕಿನ ನಳಿಗೆಯಲ್ಲಿ ಪ್ರತಿ ಸಲವೂ ಉಜ್ಜುವ ವಸ್ತುವಿಗೆ ಅವನ್ನು ಬೆರೆಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಕ್ರೇಯಾನ್ ಹಾಕಿ ಏನೂ ಆಗಿಲ್ಲ ಎನ್ನುವ ಅನುಭವಿಗಳು ಬಹಳ ಮಂದಿ ಇದ್ದಾರೆ, ಅವರೊಂದಿಗೆ ನನಗೆ ಜಗಳವಿಲ್ಲ. ನಾನು ಮಾತ್ರ ಮೇಣದಬತ್ತಿ ಮಾಡುವವರು ಬಳಸುವ, ಎಣ್ಣೆಯಲ್ಲಿ ಪೂರ್ತಿ ಕರಗುವ ಬಣ್ಣದ ಚೂರನ್ನೇ ಆರಿಸಿಕೊಳ್ಳುತ್ತೇನೆ. ಅರ್ಧ ಕಿಲೋ ಮಿಶ್ರಣಕ್ಕೆ ಕಡಲೆಬೇಳೆಯಷ್ಟು ಚೂರು ಸಾಕಾಗುತ್ತದೆ, ಅಷ್ಟು ಅಲ್ಪ ಪ್ರಮಾಣದಿಂದ ಮೇಣದ ಹದವೂ ಬದಲಾಗುವುದಿಲ್ಲ.

ಕಾಸುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಬಣ್ಣ ಕೆಡುವುದು ಅಲ್ಲಿಯೇ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೂ, ಕಾರ್ನೌಬಾ 82ರಿಂದ 86 ಡಿಗ್ರಿಗೂ ಕರಗುತ್ತವೆ. ಆದ್ದರಿಂದ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದರೆ ಸಾಕು, ನೇರ ಉರಿಯ ಅಗತ್ಯವೇ ಇಲ್ಲ. ನೇರ ಉರಿಯಲ್ಲಿ ಮೇಣ ಕಪ್ಪಾಗುತ್ತದೆ, ಮೈಮರೆತರೆ ಹೊತ್ತಿಕೊಳ್ಳಲೂಬಹುದು. ಎಲ್ಲವೂ ಕರಗಿ ಒಂದಾದ ಮೇಲೆ, ಒಲೆ ಆರಿಸಿ, ಕೊನೆಯಲ್ಲಿ ಬಣ್ಣದ ಚೂರನ್ನು ಹಾಕಿ ಕಲಕಬೇಕು. ಕರಗಿದ ಮೇಣದಲ್ಲಿ ಬಣ್ಣ ಬಹಳ ಗಾಢವಾಗಿ ಕಾಣುವುದರಿಂದ ಪಾತ್ರೆಯನ್ನು ನೋಡಿ ಅಳೆಯಲಾಗದು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಅದು ಆರಿ ಮಂದವಾದ ಮೇಲೆ ನೋಡಬೇಕು. ಬೆಲ್ಲದ ಪಾಕದ ಹದವನ್ನು ನೀರಿನ ಬಟ್ಟಲಿನಲ್ಲಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಕಾದುದಕ್ಕಿಂತ ತಿಳಿಯಾಗಿದ್ದರೆ ಇನ್ನಷ್ಟು ಹಾಕಬಹುದು, ಹೆಚ್ಚಾದುದನ್ನು ತೆಗೆಯಲು ಮಾತ್ರ ದಾರಿಯಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮಕ್ಕಳ ವಿಷಯ. ಕೆಂಪು, ನೀಲಿ ಬಣ್ಣದ, ಜೇನಿನ ವಾಸನೆಯ, ಬೆರಳುದ್ದದ ಕಡ್ಡಿಯೊಂದು ಮೇಜಿನ ಮೇಲಿದ್ದರೆ ಮೂರು ವರ್ಷದ ಮಗುವಿಗೆ ಅದು ಬಣ್ಣದ ಬಳಪವೋ ಮಿಠಾಯಿಯೋ ಆಗುತ್ತದೆ. ಹೊಸದಾಗಿ ಕಾಸಿದ ಮೇಣದಲ್ಲಿ ಸೀಸವಿರುವುದಿಲ್ಲ ನಿಜ. ಆದರೆ ಗುಂಡುಗಳನ್ನು ಮುಟ್ಟಿದ ಕೈ, ಒರೆಸಿದ ಬಟ್ಟೆ, ಒಮ್ಮೆ ಬಳಸಿ ಕೆರೆದು ಮತ್ತೆ ಡಬ್ಬಕ್ಕೆ ಸೇರಿಸಿದ ಮೇಣ ಇವೆಲ್ಲದರಲ್ಲೂ ಸೀಸ ಸೇರಿರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಚಿಂತೆಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ. ಇಲ್ಲಿಯ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು. ನಮ್ಮ ಮನೆಗೆ ಮೊಮ್ಮಗಳು ಬರತೊಡಗಿದ ಮೇಲೆ ನಾನು ಗುಲಾಬಿ ಮತ್ತು ಹಳದಿ ಬಣ್ಣಗಳನ್ನು ಪೂರ್ತಿ ಬಿಟ್ಟೆ, ಸುವಾಸನೆ ಬೆರೆಸುವುದನ್ನು ಬಿಟ್ಟೆ, ಕಡ್ಡಿಗಳನ್ನು ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಗೆ ಸೇರಿಸಿದೆ. ಮೇಣ ಕಾಸುವ ಪಾತ್ರೆ ಮತ್ತು ಸೌಟಿನ ಹಿಡಿಗೆ ಕಪ್ಪು ಪಟ್ಟಿ ಸುತ್ತಿದ್ದೇನೆ, ಅವು ಗ್ಯಾರೇಜಿನ ಹೊಸ್ತಿಲು ದಾಟಿ ಅಡುಗೆಮನೆಗೆ ಬರುವುದಿಲ್ಲ. ಅಡುಗೆಮನೆಯ ಬಣ್ಣವನ್ನು ಬೆರೆಸಿ ಎನ್ನುವ ಸಲಹೆಯ ಹಿಂದೆಯೇ ಅಡುಗೆಮನೆಯ ಒಲೆಯೂ ಪಾತ್ರೆಯೂ ಬಂದುಬಿಡುತ್ತವೆ ಎಂಬುದು ನನ್ನ ಭಯ.

ಬಣ್ಣವನ್ನು ನೋಡಿ ಒಳಗಿನ ವಸ್ತುವನ್ನು ಅರಿಯಲಾಗದು ಎಂಬುದಕ್ಕೆ ನಮ್ಮ ದೇಶದ ಇತಿಹಾಸದಲ್ಲೇ ದೊಡ್ಡ ನಿದರ್ಶನವಿದೆ. 1857ರ ಎನ್‌ಫೀಲ್ಡ್ ಬಂದೂಕಿನ ತೋಟಾಗಳ ಜಿಡ್ಡಿನಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೆಂದು ಸಿಪಾಯಿಗಳು ನೋಡಿ ತಿಳಿಯುವಂತಿರಲಿಲ್ಲ, ಕೇಳಿದರೆ ನಂಬುವಂತಹ ಉತ್ತರವೂ ಸಿಗಲಿಲ್ಲ. ಆ ವರ್ಷದ ಜನವರಿಯ ಕೊನೆಯಲ್ಲಿ ಜಿಡ್ಡು ಹಚ್ಚದ ತೋಟಾಗಳನ್ನು ಕೊಟ್ಟು, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲಿ ಎಂದು ಆದೇಶವಾಯಿತು. ಅಷ್ಟು ಹೊತ್ತಿಗೆ ನಂಬಿಕೆ ಮುರಿದುಹೋಗಿತ್ತು, ಮೇ 10ರಂದು ಮೀರತ್ ಸಿಡಿಯಿತು. ಈ ಕಾರಣದಿಂದಲೇ ನಾನು ಪ್ರತಿ ಡಬ್ಬದ ಮುಚ್ಚಳದ ಮೇಲೆ ಬಣ್ಣದ ಹೆಸರಿನೊಂದಿಗೆ ಒಳಗಿರುವ ಪ್ರತಿಯೊಂದು ವಸ್ತು, ಅದರ ತೂಕ, ಕಾಸಿದ ದಿನಾಂಕ ಇವನ್ನೂ ಬರೆಯುತ್ತೇನೆ. ನಮ್ಮ ಗೆಳೆಯರ ಬಳಗದಲ್ಲಿ ಮಾಂಸ ಮುಟ್ಟದವರೂ ಇದ್ದಾರೆ, ಟ್ಯಾಲೋ, ಅಂದರೆ ಪ್ರಾಣಿಯ ಕೊಬ್ಬು, ಎಂದು ಬರೆದ ಡಬ್ಬವನ್ನು ಅವರ ಕೈಗೆ ಕೊಡುವುದಿಲ್ಲ.

ಊರಿನ ಓದುಗರಿಗೆ ಇನ್ನೊಂದು ಮಾತನ್ನು ಲೇಖನ ಹೇಳಬೇಕಿತ್ತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ತೋಟಾ ಕಟ್ಟಿಕೊಳ್ಳಲು ಪರವಾನಗಿ ಬೇಡ, ಮಾರುವುದಕ್ಕಾಗಿ ಕಟ್ಟಲು ಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವ ಕೊಡಗಿನವರಾಗಲಿ, ಬೆಳೆ ರಕ್ಷಣೆಗೆ ಪರವಾನಗಿ ಪಡೆದ ನಮ್ಮ ಮಲೆನಾಡಿನ ಕೃಷಿಕರಾಗಲಿ ಲೇಖನವನ್ನು ಓದಿ ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಬೇರೆ, ಗುಂಡು ತಯಾರಿಸುವ ಅನುಮತಿ ಬೇರೆ.

ಕೆಂಪು ಮತ್ತು ನೀಲಿಯ ಬಗೆಗಿನ ವಾಕ್ಯಕ್ಕೂ ಅಡುಗೆಮನೆಯ ಬಣ್ಣದ ಸಲಹೆಗೂ ಮುಂದಿನ ಪುರವಣಿಯಲ್ಲಿ, ಲೇಖನ ಬಂದ ಪುಟದಲ್ಲೇ, ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಜಾಗದ ಅಭಾವದಿಂದ ಒಂದನ್ನು ಮಾತ್ರ ಹಾಕಲು ಸಾಧ್ಯವಾಗುವುದಾದರೆ ಎರಡನೆಯದನ್ನು ಹಾಕಿರಿ.

ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ಮೂಲದ ಓದುಗ, ಪೆನ್ಸಿಲ್ವೇನಿಯಾ